ಇಂಜಿನ್ ಕವರ್‌ಗೆ ಬಫಿಂಗ್ ಸಾಕು, ಕ್ರೋಮ್ ಬೇಡ

ಮಾನ್ಯ ಸಂಪಾದಕರೇ,

ಹಳೆಯ ಬೈಕುಗಳನ್ನು ಮತ್ತೆ ರಸ್ತೆಗಿಳಿಸುವ ಬಗ್ಗೆ ನಿಮ್ಮ ವಾಹನ ಪುಟದಲ್ಲಿ ಬಂದ ಬರಹ ಚೆನ್ನಾಗಿತ್ತು. ಆದರೆ ‘ಮಂಕಾದ ಲೋಹದ ಭಾಗಗಳನ್ನೆಲ್ಲ ಬಿಚ್ಚಿ ಒಟ್ಟಿಗೆ ಕ್ರೋಮ್‌ಗೆ ಕೊಟ್ಟುಬಿಡಿ’ ಎಂಬ ಅದರ ಸಲಹೆಯನ್ನು ನಂಬಿದವರ ದುಡ್ಡೂ ಹೋಗುತ್ತದೆ, ಭಾಗವೂ ಕೆಡುತ್ತದೆ. ಆ ‘ಎಲ್ಲ’ ಎಂಬ ಒಂದು ಪದದೊಳಗೆ ಕಬ್ಬಿಣವೂ ಇದೆ, ಅಲ್ಯೂಮಿನಿಯಮ್ಮೂ ಇದೆ. ಎರಡಕ್ಕೂ ಮದ್ದು ಬೇರೆ.

ಮನೆಯ ಹಿತ್ತಾಳೆ ಪಾತ್ರೆಯನ್ನು ನೆನೆಸಿಕೊಳ್ಳಿ. ಹೊರಗಡೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತೇವೆ, ಒಳಗಡೆಗೆ ಕಲಾಯಿ ಹಾಕಿಸುತ್ತೇವೆ. ಉಜ್ಜಿದಾಗ ಬೆಳಗುವುದು ಹಿತ್ತಾಳೆಯೇ. ಕಲಾಯಿ ಹಾಕಿದ ಮೇಲೆ ಕಾಣುವುದು ಹಿತ್ತಾಳೆಯಲ್ಲ, ತವರ. ಬಫಿಂಗ್ (ತಿರುಗುವ ಚಕ್ರಕ್ಕೆ ಹಿಡಿದು ಉಜ್ಜಿ ಹೊಳಪಿಸುವುದು) ಎಂದರೆ ಮೊದಲನೆಯದು, ಕ್ರೋಮ್ ಎಂದರೆ ಎರಡನೆಯದು. ಯಾವ ಭಾಗಕ್ಕೆ ಯಾವುದು ಎಂದು ತಿಳಿಯಲು ಒಂದು ಅಯಸ್ಕಾಂತ ಸಾಕು. ಅಂಟಿಕೊಂಡರೆ ಕಬ್ಬಿಣ: ಮಡ್‌ಗಾರ್ಡ್, ರಿಮ್, ಸೈಲೆನ್ಸರ್, ಬೆಂಡ್ ಪೈಪ್, ಹ್ಯಾಂಡಲ್, ಕಿಕ್ಕರ್. ಅಂಟದಿದ್ದರೆ ಬಹುಮಟ್ಟಿಗೆ ಅಲ್ಯೂಮಿನಿಯಂ: ಇಂಜಿನ್ ಕವರ್, ಹಬ್, ಲಿವರ್.

ಇದರಲ್ಲಿ ನಮ್ಮ ಊರಿನ ಗಾಡಿಯೇ ಒಳ್ಳೆಯ ಪಾಠ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಜಾವಾ, ಆಮೇಲೆ ಯೆಜ್ಡಿ ಬೈಕುಗಳು ಹೊರಬಂದವು. ಹಳೆಯ ಜಾವಾದ ಟ್ಯಾಂಕಿನ ಎರಡೂ ಬದಿಗೆ ಕ್ರೋಮ್ ಇತ್ತು, ಸೈಲೆನ್ಸರುಗಳಿಗೂ ಇತ್ತು. ಮೊಟ್ಟೆಯಾಕಾರದ ಇಂಜಿನ್ನಿನ ಎಡ-ಬಲ ಕವರ್‌ಗಳಿಗೆ ಮಾತ್ರ ಇರಲಿಲ್ಲ. ಅವು ಬಫ್ ಮಾಡಿದ ಬರಿಯ ಅಲ್ಯೂಮಿನಿಯಂ. ಬುಲೆಟ್ಟಿನ ಟೈಮಿಂಗ್ ಕವರ್, ಕ್ಲಚ್ ಕಡೆಯ ಕವರ್ ಕೂಡ ಹಾಗೆಯೇ. ಈಗ ಅದೇ ಕವರ್‌ಗಳಿಗೆ ಕ್ರೋಮ್ ಹಾಕಿಸಿ ‘ಒರಿಜಿನಲ್’ ಎಂದು ಮಾರುವುದನ್ನು ನೋಡಿದರೆ ನಗು ಬರುತ್ತದೆ.

ಇನ್ನು ಕ್ರೋಮ್ ಅಂದರೇನು ಎಂಬ ವಿಚಾರ. ಭಾಗವನ್ನು ದ್ರಾವಣದ ತೊಟ್ಟಿಗೆ ಇಳಿಸಿ, ಕರೆಂಟ್ ಹರಿಸಿ, ಮೊದಲು ನಿಕ್ಕಲ್, ಅದರ ಮೇಲೆ ಕ್ರೋಮಿಯಂ ಕೂರಿಸುವುದೇ ಕ್ರೋಮ್ ಪ್ಲೇಟಿಂಗ್. ಸೈಲೆನ್ಸರಿನ ಮೇಲಿರುವ ಕ್ರೋಮಿಯಂ ಪದರ ಕಾಲು ಮೈಕ್ರಾನಿನಿಂದ ಅರ್ಧ ಮೈಕ್ರಾನ್ ಅಷ್ಟೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್, ಲೆಕ್ಕ ಹಾಕಿಕೊಳ್ಳಿ. ಇಷ್ಟು ತೆಳ್ಳಗಿನ ಪದರ ಗೀರನ್ನೂ ಮುಚ್ಚದು, ತುಕ್ಕನ್ನೂ ತಡೆಯದು. ಅದರ ಕೆಲಸ ನೀಲಿ ಛಾಯೆ ಕೊಡುವುದು, ಕೆಳಗಿನ ನಿಕ್ಕಲ್ ಮಸುಕಾಗದಂತೆ, ಗೀಚದಂತೆ ಕಾಯುವುದು. ತುಕ್ಕು ತಡೆಯುವುದು ನಿಕ್ಕಲ್. ಹೊಳಪು ಬರುವುದು ನಿಕ್ಕಲ್ಲಿನಿಂದ ಮತ್ತು ಅದಕ್ಕೂ ಮೊದಲು ಕಬ್ಬಿಣದ ಮೇಲೆ ಮಾಡಿದ ಬಫಿಂಗಿನಿಂದ. ಎಂದರೆ ಕ್ರೋಮ್ ಹಾಕಿಸಿದರೂ ಬಫಿಂಗ್ ತಪ್ಪಿದ್ದಲ್ಲ. ಕಬ್ಬಿಣದ ಮೇಲೆ ಗೀರು ಉಳಿದಿದ್ದರೆ ಕ್ರೋಮ್ ಆದ ಮೇಲೆ ಅದು ಇನ್ನೂ ಎದ್ದು ಕಾಣುತ್ತದೆ. (1920ರ ದಶಕದ ಕೊನೆಯವರೆಗೆ ಬೈಕುಗಳಿಗೆ ಬರಿಯ ನಿಕ್ಕಲ್ ಪ್ಲೇಟಿಂಗ್ ಇರುತ್ತಿತ್ತು. ಅಷ್ಟು ಹಳೆಯ ಗಾಡಿ ಕೈಯಲ್ಲಿದ್ದವರು ಕ್ರೋಮ್ ಹಾಕಿಸಲೇಬಾರದು, ನಿಕ್ಕಲ್ಲಿನ ತುಸು ಹಳದಿ ಬಿಳುಪೇ ಅದಕ್ಕೆ ಸರಿ.)

ಕಬ್ಬಿಣದ ಭಾಗದ ಕೆಲಸ ಹೀಗೆ ನಡೆಯಬೇಕು. ಹಳೆಯ ಕ್ರೋಮನ್ನು ಹೈಡ್ರೋಕ್ಲೋರಿಕ್ ಆ್ಯಸಿಡ್‌ನಲ್ಲಿ ಇಲ್ಲವೇ ಕಾಸ್ಟಿಕ್ ಸೋಡಾ ನೀರಿನಲ್ಲಿ ಕರೆಂಟನ್ನು ಉಲ್ಟಾ ಕೊಟ್ಟು ತೆಗೆಯುತ್ತಾರೆ. ಹಳೆಯ ನಿಕ್ಕಲ್ಲನ್ನೂ ಪೂರ್ತಿ ಕಳಚಬೇಕು. ಇಲ್ಲೇ ಕಳ್ಳದಾರಿ ಶುರುವಾಗುವುದು: ಹಳೆಯ ನಿಕ್ಕಲ್ ಉಳಿಸಿಕೊಂಡು ಅದರ ಮೇಲೆಯೇ ಹೊಸದನ್ನು ಕೂರಿಸಿದರೆ ಮೊದಲ ದಿನ ಕನ್ನಡಿಯಂತಿರುತ್ತದೆ. ಆದರೆ ಹಳೆಯ ನಿಕ್ಕಲ್ಲಿನ ಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಪೊರೆ ಇರುತ್ತದೆ, ಹೊಸದು ಅದಕ್ಕೆ ಹಿಡಿಯುವುದಿಲ್ಲ, ಕೆಲವೇ ತಿಂಗಳಲ್ಲಿ ಹಪ್ಪಳದಂತೆ ಏಳುತ್ತದೆ. ನಿಕ್ಕಲ್ ಕಳಚಿದ ಮೇಲೆ ತುಕ್ಕಿನ ಗುಂಡಿಗಳನ್ನು ಉಜ್ಜಿ ಸಮ ಮಾಡಬೇಕು. ಗುಂಡಿ ಆಳವಾಗಿದ್ದರೆ ವೆಲ್ಡ್ ತುಂಬಿ ಅರ ಹಾಕಬೇಕು. ಪುಟ್ಟಿ ಮೆತ್ತಿ ಮುಚ್ಚುವ ಆಟ ಇಲ್ಲಿ ನಡೆಯದು. ಪುಟ್ಟಿಯಲ್ಲಿ ಕರೆಂಟ್ ಹರಿಯುವುದಿಲ್ಲ, ಅದರ ಮೇಲೆ ನಿಕ್ಕಲ್ ಕೂರುವುದಿಲ್ಲ. ಸಣ್ಣಪುಟ್ಟ ಗುಂಡಿಗಳನ್ನು ತಾಮ್ರದ ಪದರ ತುಂಬುತ್ತದೆ. ಆದರೆ ಕಬ್ಬಿಣವನ್ನು ನೇರ ಆ್ಯಸಿಡ್ ತಾಮ್ರದ (ಮೈಲುತುತ್ತ, ಸಲ್ಫ್ಯೂರಿಕ್ ಆ್ಯಸಿಡ್ ಬೆರೆತ) ತೊಟ್ಟಿಗೆ ಇಳಿಸಿದರೆ ಪುಡಿಪುಡಿಯಾದ, ಬೆರಳಿಗೇ ಬರುವ ತಾಮ್ರ ಕೂರುತ್ತದೆ. ಮೊದಲು ಸಯನೈಡ್ ತಾಮ್ರದ್ದೋ ನಿಕ್ಕಲ್ಲಿನದೋ ತೆಳು ಪದರ ಕೊಟ್ಟು, ಆಮೇಲೆ ಆ್ಯಸಿಡ್ ತಾಮ್ರ ಹಾಕಿ, ಅದನ್ನು ಮತ್ತೆ ಬಫ್ ಮಾಡಬೇಕು.

ಆಮೇಲೆ ನಿಕ್ಕಲ್. ತೊಟ್ಟಿಯಲ್ಲಿ ಲೀಟರಿಗೆ 240ರಿಂದ 300 ಗ್ರಾಂ ನಿಕ್ಕಲ್ ಸಲ್ಫೇಟ್, 30ರಿಂದ 60 ಗ್ರಾಂ ನಿಕ್ಕಲ್ ಕ್ಲೋರೈಡ್, 30ರಿಂದ 45 ಗ್ರಾಂ ಬೋರಿಕ್ ಆ್ಯಸಿಡ್, ಬಿಸಿ 50ರಿಂದ 60 ಡಿಗ್ರಿ. ಚದರ ಡೆಸಿಮೀಟರಿಗೆ 4 ಆಂಪಿಯರ್ ಕೊಟ್ಟರೆ 25 ನಿಮಿಷಕ್ಕೆ ಸುಮಾರು 20 ಮೈಕ್ರಾನ್ ಕೂರುತ್ತದೆ, 40 ನಿಮಿಷಕ್ಕೆ 30ರ ಮೇಲೆ. ಹೊರಗೆ ಮಳೆ-ಬಿಸಿಲಿಗೆ ನಿಲ್ಲುವ ಮಡ್‌ಗಾರ್ಡಿಗೆ 30 ಮೈಕ್ರಾನಿನ ಆಸುಪಾಸು ನಿಕ್ಕಲ್ ಬೇಕು. ಹತ್ತು ನಿಮಿಷ ಅದ್ದಿ ತೆಗೆದದ್ದಕ್ಕೂ ನಲವತ್ತು ನಿಮಿಷ ಬಿಟ್ಟದ್ದಕ್ಕೂ ಅಂಗಡಿಯಲ್ಲಿ ನೋಡಿದರೆ ವ್ಯತ್ಯಾಸ ಕಾಣದು, ಮೊದಲ ಮಳೆಗಾಲ ಕಳೆದ ಮೇಲೆ ಕಾಣುತ್ತದೆ. ಕೊನೆಗೆ ಕ್ರೋಮಿನ ತೊಟ್ಟಿ: ಲೀಟರಿಗೆ 250 ಗ್ರಾಂ ಕ್ರೋಮಿಕ್ ಆ್ಯಸಿಡ್, 2.5 ಗ್ರಾಂ ಸಲ್ಫ್ಯೂರಿಕ್ ಆ್ಯಸಿಡ್, ಬಿಸಿ 40–45 ಡಿಗ್ರಿ, ಕೆಲವೇ ನಿಮಿಷದ ಕೆಲಸ. ಕರೆಂಟ್ ಜಾಸ್ತಿಯಾದರೆ ಅಂಚುಗಳು ಬೂದಿ ಬಣ್ಣಕ್ಕೆ ಸುಡುತ್ತವೆ. ಕಡಿಮೆಯಾದರೆ ಮೂಲೆ-ಸಂದಿಗಳಲ್ಲಿ ಕ್ರೋಮ್ ಕೂರದೆ ನಿಕ್ಕಲ್ಲಿನ ಹಳದಿ ಹಾಗೇ ಉಳಿಯುತ್ತದೆ. ಭಾಗ ವಾಪಸ್ ಬಂದಾಗ ನೀವು ಮೊದಲು ನೋಡಬೇಕಾದದ್ದು ಈ ಸಂದಿಗಳನ್ನೇ.

ನಿಕ್ಕಲ್ ತೆಳುವಾದರೆ ತುಕ್ಕು ಹೇಗೆ ಬರುತ್ತದೆ ಎಂಬುದೂ ಗೊತ್ತಿರಲಿ. ಕ್ರೋಮ್ ಪದರದಲ್ಲಿ ಸೂಕ್ಷ್ಮ ಬಿರುಕುಗಳು ಇದ್ದೇ ಇರುತ್ತವೆ. ನೀರು ಅಲ್ಲಿಂದ ಇಳಿದು ನಿಕ್ಕಲ್ಲನ್ನು ತೂತು ಮಾಡಿ ಕಬ್ಬಿಣ ಮುಟ್ಟಿತೆಂದರೆ ಅಲ್ಲೊಂದು ಬ್ಯಾಟರಿಯೇ ಹುಟ್ಟಿದಂತೆ. ಸುತ್ತ ಅಷ್ಟಗಲ ನಿಕ್ಕಲ್, ನಡುವೆ ಸೂಜಿಮೊನೆಯಷ್ಟು ಕಬ್ಬಿಣ. ಆ ಮೊನೆಯ ಕಬ್ಬಿಣವೇ ಕರಗುತ್ತ ಹೋಗುತ್ತದೆ. ಕ್ರೋಮ್ ರಿಮ್ಮಿನ ಮೇಲೆ ಸಾಸಿವೆ ಚೆಲ್ಲಿದಂತೆ ಕೆಂಪು ಚುಕ್ಕೆ ಏಳುವುದು ಇದರಿಂದ. ಒಳ್ಳೆಯ ಪ್ಲೇಟಿಂಗಿನವರು ಎರಡು ಬಗೆಯ ನಿಕ್ಕಲ್ ಹಾಕುತ್ತಾರೆ: ಕೆಳಗೆ ಅರೆಹೊಳಪಿನದು, ಮೇಲೆ ಪೂರ್ತಿ ಹೊಳಪಿನದು. ಮೇಲಿನದು ತಾನು ಮೊದಲು ಕರಗಿ ತೂತನ್ನು ಅಡ್ಡಕ್ಕೆ ಹರಡುತ್ತದೆ, ಕೆಳಕ್ಕೆ ಬಿಡುವುದಿಲ್ಲ. ದಪ್ಪ ಎಷ್ಟಿರಬೇಕೆಂದು ಹೇಳುವ ಭಾರತೀಯ ಮಾನಕ ಐಎಸ್ 1068 ಇದೆ. ಬಿಲ್ಲಿನಲ್ಲಿ ಅದರ ಹೆಸರು ಹಾಕಿಸಿಕೊಳ್ಳಲು ಸಂಕೋಚ ಬೇಡ. ಬಣ್ಣದ ದಪ್ಪ ನೋಡುವ ಅಯಸ್ಕಾಂತದ ಮೀಟರ್ ಹಿಡಿದು ನಿಕ್ಕಲ್ ಅಳೆಯುತ್ತೇವೆ ಎನ್ನುವವರನ್ನು ನಂಬಬೇಡಿ. ನಿಕ್ಕಲ್ಲೇ ಅಯಸ್ಕಾಂತಕ್ಕೆ ಸ್ಪಂದಿಸುವ ಲೋಹ, ಮೀಟರ್ ತಪ್ಪು ಹೇಳುತ್ತದೆ. ಎಕ್ಸ್‌ರೇ ಮೀಟರ್ ಇರುವಲ್ಲಿ ಅಳೆಸಬಹುದು. ಇಲ್ಲದಿದ್ದರೆ ಎಷ್ಟು ಆಂಪಿಯರಿನಲ್ಲಿ ಎಷ್ಟು ನಿಮಿಷ ಬಿಡುತ್ತೀರಿ ಎಂದು ಕೇಳಿ, ಮೇಲಿನ ಲೆಕ್ಕಕ್ಕೆ ತಾಳೆ ನೋಡಿ.

ಭಾಗ ಕೊಡುವ ಮುಂಚಿನ ಕೆಲಸ ನಿಮ್ಮದೇ. ಟೂ ಸ್ಟ್ರೋಕ್ ಸೈಲೆನ್ಸರಿನೊಳಗಿನ ಡಾಂಬರಿನಂಥ ಮಸಿಯನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ ತೆಗೆಯಿರಿ, ಇಲ್ಲದಿದ್ದರೆ ಅದು ತೊಟ್ಟಿಯಲ್ಲಿ ಒಸರಿ ಅದರ ಸುತ್ತ ಪ್ಲೇಟಿಂಗ್ ಏಳುತ್ತದೆ. ಜಾವಾ ಟ್ಯಾಂಕಾದರೆ ಮೊದಲು ಸೋರಿಕೆ ನೋಡಿ, ನಲ್ಲಿಯ ತೂತು, ಮುಚ್ಚಳದ ಬಾಯಿ ಎಲ್ಲವನ್ನೂ ಬಿಗಿಯಾಗಿ ಮುಚ್ಚಿಸಿ. ಆ್ಯಸಿಡ್ ಒಳಗೆ ಇಳಿದರೆ ಟ್ಯಾಂಕ್ ಹೊರಗೆ ಮದುವಣಗಿತ್ತಿ, ಒಳಗೆ ತುಕ್ಕಿನ ಗೂಡು. ಬಂದ ಮೇಲೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ಒಳಗೆ ತೊಳೆದು ಒಣಗಿಸಿ. ಕ್ರೋಮಿನ ಮೇಲೆ ಬಣ್ಣ ಬರುವ ಜಾಗವನ್ನು 400ರ ವಾಟರ್ ಪೇಪರಿನಿಂದ ಮಂಕು ಮಾಡಿ, ಎಪಾಕ್ಸಿ ಪ್ರೈಮರ್ ಹೊಡೆಯದಿದ್ದರೆ ಬಣ್ಣ ನಿಲ್ಲುವುದಿಲ್ಲ. ಮಡ್‌ಗಾರ್ಡಿನ ಒಳಮೈಗೆ ಕ್ರೋಮ್ ತಲುಪುವುದೇ ಇಲ್ಲ. ಅಲ್ಲಿಗೆ ಪ್ರೈಮರ್ ಮತ್ತು ಬಣ್ಣ ಹೊಡೆಸಿ. ಕಿಕ್ಕರಿನ ಹಲ್ಲು, ಆಕ್ಸಲ್ ಕೂರುವ ತೂತು, ಬೋಲ್ಟಿನ ಮರೆ (ತಿರುಪಿನ ಗೆರೆ), ಇವಕ್ಕೆ ಮೇಣ ಅಥವಾ ಟೇಪ್ ಸುತ್ತಿಸಿ. 30 ಮೈಕ್ರಾನ್ ಪದರ ಕೂತರೆ ತೂತಿನ ಅಡ್ಡಳತೆ 60 ಮೈಕ್ರಾನ್ ಕಿರಿದಾಗುತ್ತದೆ, ಬಿಗಿಯಾಗಿ ಕೂರಬೇಕಾದದ್ದು ಕೂರುವುದೇ ಇಲ್ಲ.

ಹೊಸ ಬೆಂಡ್ ಪೈಪ್ ವಾರದಲ್ಲೇ ನೀಲಿಗಟ್ಟಿತೆಂದು ಪ್ಲೇಟಿಂಗಿನವರ ಜೊತೆ ಜಗಳಕ್ಕೆ ಹೋಗುವವರು ಬಹಳ. ತಪ್ಪು ಸಾಮಾನ್ಯವಾಗಿ ಇಂಜಿನ್ನಿನದು: ಪೆಟ್ರೋಲ್ ಕಡಿಮೆ ಬರುತ್ತಿದೆ, ಕಿಡಿ ಹಾರುವ ಟೈಮಿಂಗ್ ಹಿಂದಿದೆ, ಅಥವಾ ಪೈಪಿನ ಬಾಯಿಯ ಪ್ಯಾಕಿಂಗ್ ಗಾಳಿ ಎಳೆಯುತ್ತಿದೆ. ಹಳೆಯ ಪೈಪ್ ಹಾಕಿಕೊಂಡೇ ಟ್ಯೂನಿಂಗ್ ಮುಗಿಸಿ, ಆಮೇಲೆ ಹೊಸದನ್ನು ಕೂರಿಸಿ. ಸ್ಟಾರ್ಟ್ ಮಾಡುವ ಮುಂಚೆ ತಿನ್ನರ್ ಬಟ್ಟೆಯಲ್ಲಿ ಒರೆಸಿ, ಬೆರಳಿನ ಎಣ್ಣೆ ಗುರುತು ಒಮ್ಮೆ ಸುಟ್ಟು ಕೂತರೆ ಹೋಗುವುದಿಲ್ಲ.

ಕಬ್ಬಿಣವೇ ಆದರೂ ಕ್ರೋಮ್‌ಗೆ ಕೊಡಬಾರದ ಭಾಗಗಳಿವೆ. ಸ್ಪ್ರಿಂಗ್‌ಗಳು, 10.9 ಅಥವಾ 12.9 ಎಂದು ತಲೆಯ ಮೇಲೆ ಬರೆದಿರುವ ಬೋಲ್ಟ್‌ಗಳು, ಇಂಥವು. ಆ್ಯಸಿಡ್‌ನಲ್ಲೂ ತೊಟ್ಟಿಯಲ್ಲೂ ಹುಟ್ಟುವ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಹೊಕ್ಕು ಅದನ್ನು ಗಾಜಿನಂತೆ ಪೆಡಸು ಮಾಡುತ್ತದೆ. ಭಾರ ಬಿದ್ದ ಯಾವುದೋ ದಿನ, ಬಗ್ಗದೆ, ಸುಳಿವು ಕೊಡದೆ ತುಂಡಾಗುತ್ತದೆ. ಪ್ಲೇಟಿಂಗ್ ಆದ ಕೆಲವೇ ಗಂಟೆಗಳೊಳಗೆ 190–220 ಡಿಗ್ರಿಯಲ್ಲಿ ತಾಸುಗಟ್ಟಲೆ ಬೇಯಿಸಿದರೆ ಅಪಾಯ ಕಡಿಮೆ, ಆದರೆ ಅಲಂಕಾರದ ಕ್ರೋಮ್ ಅಂಗಡಿಯಲ್ಲಿ ಅಂಥ ಒಲೆ ಇರುವುದು ಅಪರೂಪ. ಫೋರ್ಕ್ ಪೈಪಿನದು ಬೇರೆಯೇ ಕತೆ. ಅದರ ಮೇಲಿರುವುದು ಹಾರ್ಡ್ ಕ್ರೋಮ್, ನಿಕ್ಕಲ್ ಇಲ್ಲದೆ ನೇರ ಉಕ್ಕಿನ ಮೇಲೆ ದಪ್ಪಗೆ ಕೂರಿಸಿ ಗ್ರೈಂಡ್ ಮಾಡಿದ್ದು. ಅದನ್ನು ಸೈಲೆನ್ಸರಿನ ಜೊತೆ ಮೂಟೆ ಕಟ್ಟಿ ಕಳಿಸಿದರೆ ಆಯಿಲ್ ಸೀಲ್ ಒಂದು ತಿಂಗಳೂ ಬಾಳದು.

ಈಗ ಅಲ್ಯೂಮಿನಿಯಮ್ಮಿಗೆ ಬರೋಣ. ಇದಕ್ಕೆ ಕ್ರೋಮ್ ಹಾಕಲು ಆಗುವುದಿಲ್ಲ ಎಂದಲ್ಲ. ಗಾಳಿ ತಗುಲಿದ ಕ್ಷಣಕ್ಕೇ ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಕಟ್ಟುವುದರಿಂದ ಮೊದಲು ಜಿಂಕೇಟ್ ದ್ರಾವಣದಲ್ಲಿ ಅದ್ದಿ ತೆಳು ಸತುವಿನ ಪದರ ಕೊಡಬೇಕು, ಅದರ ಮೇಲೆ ತಾಮ್ರ, ನಿಕ್ಕಲ್, ಕ್ರೋಮ್. ಒಂದು ಹೆಜ್ಜೆ ಸಡಿಲವಾದರೂ ಎಲ್ಲ ಹೋಯಿತು. ಅದಕ್ಕಿಂತ ದೊಡ್ಡ ತೊಡಕು ಬಿಸಿಯದು. ಬಿಸಿಯಾದಾಗ ಅಲ್ಯೂಮಿನಿಯಂ ಹಿಗ್ಗುವುದು ನಿಕ್ಕಲ್ಲಿನ ಹೆಚ್ಚುಕಡಿಮೆ ಎರಡರಷ್ಟು. ಕಬ್ಬಿಣ ಮತ್ತು ನಿಕ್ಕಲ್ ಹೆಚ್ಚುಕಡಿಮೆ ಒಂದೇ ಸಮ ಹಿಗ್ಗುತ್ತವೆ. ಹಾಗಾಗಿ ಮಡ್‌ಗಾರ್ಡಿನ ಕ್ರೋಮ್ ನಿಲ್ಲುತ್ತದೆ, ಪ್ರತಿದಿನ ಕಾಯ್ದು ತಣಿಯುವ ಇಂಜಿನ್ ಕವರಿನದು ಸಿಪ್ಪೆಯೇಳುತ್ತದೆ. ಸಾಲದ್ದಕ್ಕೆ ಎರಕದ ಅಲ್ಯೂಮಿನಿಯಮ್ಮಿನಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ತೊಟ್ಟಿಯ ಆ್ಯಸಿಡ್ ಅಲ್ಲಿ ಅವಿತು ಕೂತು ಆಮೇಲೆ ಗುಳ್ಳೆ ಎಬ್ಬಿಸುತ್ತದೆ. ಹೀಗೆ ಎದ್ದ ಕ್ರೋಮನ್ನು ಕೈಯಿಂದ ಸರಿಮಾಡಲು ಬಾರದು, ಅದರ ಚೂರು ಬ್ಲೇಡಿನಂತೆ ಕಾಲು ಕೊಯ್ಯುತ್ತದೆ. ಸಿಲಿಂಡರಿನ ಫಿನ್‌ಗಳಿಗೆ ಕ್ರೋಮ್ ಕೇಳುವವರಿಗೆ ಒಂದೇ ಮಾತು: ಬೇಡ. ಬೆಳ್ಳಗೆ ಹೊಳೆಯುವ ಮೈ ಶಾಖವನ್ನು ಹೊರಕ್ಕೆ ಬಿಡುವುದು ಕಡಿಮೆ.

ಬಫಿಂಗ್ ಸೋವಿ, ಕೆಟ್ಟರೆ ಮತ್ತೆ ಮಾಡಬಹುದು, ಮನೆಯಲ್ಲೂ ಮಾಡಬಹುದು. ಕವರ್ ಬಿಚ್ಚಿಯೇ ಮಾಡಬೇಕು. ಇಂಜಿನ್ ಮೇಲೆಯೇ ಚಕ್ರ ಹಿಡಿದರೆ ಚಕ್ರಕ್ಕೆ ಹಚ್ಚುವ ಹೊಳಪಿನ ಮಸಾಲೆ, ಲೋಹದ ಪುಡಿ ಒಳಗೆ ಸೇರುತ್ತದೆ. ಆಯಿಲ್ ಸೀಲ್, ಬುಶ್ ತೆಗೆಯಿರಿ, ಎಣ್ಣೆ ಹರಿಯುವ ತೂತುಗಳನ್ನು ಮುಚ್ಚಿ. ಸೀಮೆಎಣ್ಣೆ, ಆಮೇಲೆ ಸೋಪಿನ ನೀರು. ಮೇಲೆ ಹಳೆಯ ಲ್ಯಾಕರ್ ಇದ್ದರೆ ಪೇಂಟ್ ರಿಮೂವರಿನಿಂದ ತೆಗೆಯಿರಿ. ಕಾಸ್ಟಿಕ್ ಸೋಡಾ ಹತ್ತಿರವೂ ತರಬೇಡಿ, ಅಲ್ಯೂಮಿನಿಯಂ ಕಪ್ಪಾಗಿ ಕರಗುತ್ತದೆ. ಕಬ್ಬಿಣದ ತಂತಿ ಬ್ರಶ್ ಕೂಡ ಬೇಡ. ಅದರ ಚೂರುಗಳು ಮೆತ್ತನೆಯ ಅಲ್ಯೂಮಿನಿಯಮ್ಮಿನಲ್ಲಿ ನಾಟಿಕೊಂಡು ಮಳೆ ಬಂದ ಮೇಲೆ ತುಕ್ಕಿನ ಚುಕ್ಕೆಗಳಾಗುತ್ತವೆ.

ಆಳದ ಗೀರಿದ್ದರೆ 220ರ ವಾಟರ್ ಪೇಪರಿನಿಂದ ಶುರು, ಇಲ್ಲದಿದ್ದರೆ 320ರಿಂದ. ಆಮೇಲೆ 400, 600, 800, 1000. ಸೋಪಿನ ನೀರು ಬಿಟ್ಟುಕೊಂಡು ಉಜ್ಜಿ. ಪ್ರತಿ ಸಲ ಹಿಂದಿನದಕ್ಕೆ ಅಡ್ಡಡ್ಡ ದಿಕ್ಕಿನಲ್ಲಿ ಉಜ್ಜಿದರೆ ಹಿಂದಿನ ಗೀರು ಹೋಯಿತೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. 220ರ ಒಂದು ಗೀರು ಉಳಿದಿದ್ದರೂ ಚಕ್ರ ಅದನ್ನು ಅಳಿಸುವುದಿಲ್ಲ, ಬದಲಿಗೆ ಅದನ್ನೂ ಹೊಳೆಸಿ ತೋರಿಸುತ್ತದೆ. ಒಂದು ಕವರಿಗೆ ಮೂರು ನಾಲ್ಕು ತಾಸು ಇಲ್ಲೇ ಹೋಗುತ್ತದೆ. ಉಜ್ಜುವಾಗ ಎರಕದ ರಂಧ್ರ ಬಯಲಾದರೆ ಅಲ್ಲಿಗೇ ನಿಲ್ಲಿಸಿ. ಕೊರೆದಷ್ಟೂ ಹೊಸ ರಂಧ್ರ ಬರುತ್ತದೆ, ಕವರ್ ತೆಳುವಾಗುತ್ತದೆ.

ಚಕ್ರದ ಕೆಲಸಕ್ಕೆ 2800 ಆರ್‌ಪಿಎಂ ಮೋಟರಿಗೆ 8 ಇಂಚಿನ ಚಕ್ರ ಹಿಡಿಸಿದರೆ ಅಂಚಿನ ವೇಗ ಸೆಕೆಂಡಿಗೆ ಸುಮಾರು 30 ಮೀಟರ್, ಅಲ್ಯೂಮಿನಿಯಮ್ಮಿಗೆ ಅದು ಸರಿ. ಮೊದಲು ಕತ್ತಾಳೆ ನಾರಿನ ಚಕ್ರಕ್ಕೆ ಕಂದು ಬಾರ್ (ಮಸಾಲೆಯ ಗಟ್ಟಿ), ಆಮೇಲೆ ಹೊಲಿದ ಬಟ್ಟೆ ಚಕ್ರಕ್ಕೂ ಅದೇ, ಕೊನೆಗೆ ಸಡಿಲ ಬಟ್ಟೆ ಚಕ್ರಕ್ಕೆ ಬಿಳಿ ಬಾರ್. ಒಂದು ಚಕ್ರಕ್ಕೆ ಒಂದೇ ಬಾರ್; ಬೆರಸಿದರೆ ಬಿಳಿಯದು ಕೊಡುವ ಹೊಳಪನ್ನು ಕಂದಿನದು ಗೀಚಿಹಾಕುತ್ತದೆ. ಬಾರನ್ನು ಸ್ವಲ್ಪವೇ ಮುಟ್ಟಿಸಿ, ಜಾಸ್ತಿಯಾದರೆ ಕಪ್ಪು ಜಿಡ್ಡು ಮೆತ್ತಿಕೊಳ್ಳುತ್ತದೆ. ಒಂದೇ ಕಡೆ ಒತ್ತಿ ಹಿಡಿದರೆ ಲೋಹ ಬಿಸಿಯಾಗಿ ಎಳೆಎಳೆಯಾಗಿ ಹರಡುತ್ತದೆ. ಕೈ ಇಡಲಾಗದಷ್ಟು ಬಿಸಿಯಾದರೆ ಬಿಟ್ಟು ಇನ್ನೊಂದು ಕವರ್ ಹಿಡಿಯಿರಿ. ಪ್ಯಾಕಿಂಗ್ ಕೂರುವ ಮುಖಕ್ಕೆ ಚಕ್ರ ತಾಗಲೇಬಾರದು, ಅಂಚು ದುಂಡಾದರೆ ಎಷ್ಟು ಪ್ಯಾಕಿಂಗ್ ಹಾಕಿದರೂ ಎಣ್ಣೆ ಜಿನುಗುತ್ತದೆ. ಎರಕದ ಅಕ್ಷರಗಳ ಮೇಲೆ ಹಗುರ ಕೈ ಇರಲಿ.

ಕವರನ್ನು ಚಕ್ರದ ಮಧ್ಯರೇಖೆಯಿಂದ ಕೆಳಗೆ ಹಿಡಿಯಿರಿ. ಮೇಲ್ಭಾಗಕ್ಕೆ ಅಂಚು ಕೊಟ್ಟರೆ ಚಕ್ರ ಕಿತ್ತುಕೊಂಡು ಎದೆಗೆ ಎಸೆಯುತ್ತದೆ. ಹೆಗಲ ಮೇಲಿನ ಟವೆಲ್, ಸಡಿಲ ಕೈಗವಸು ಬೇಡ. ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ. ಅಲ್ಯೂಮಿನಿಯಂ ಪುಡಿ ಬಿದ್ದ ಜಾಗದಲ್ಲಿ ಕಬ್ಬಿಣ ಗ್ರೈಂಡ್ ಮಾಡಬೇಡಿ. ಆ ಪುಡಿಗೆ ಕಿಡಿ ತಾಗಿದರೆ ಹೊತ್ತುವ ಬೆಂಕಿಗೆ ನೀರು ಎರಚಿದರೆ ಇನ್ನೂ ಕೆರಳುತ್ತದೆ.

ಮುಗಿದ ಮೇಲೆ ಮಸಾಲೆಯ ಜಿಡ್ಡಿಗೆ ಸೀಮೆಸುಣ್ಣದ ಪುಡಿ ಉದುರಿಸಿ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಮೇಣದ ಪಾಲಿಶ್ ಹಚ್ಚಿ. ಮೇಲೆ ಕ್ಲಿಯರ್ ಲ್ಯಾಕರ್ ಹೊಡೆಸುವುದಕ್ಕೆ ನಮ್ಮ ಒಪ್ಪಿಗೆಯಿಲ್ಲ. ಕಲ್ಲು ಬಡಿದು ಒಂದು ಕಡೆ ಬಿಟ್ಟರೆ ನೀರು ಕೆಳಗೆ ನುಗ್ಗಿ ಹುಳು ಹರಿದಂತೆ ಬಿಳಿ ಗೆರೆಗಳು ಬೀಳುತ್ತವೆ, ಆಗ ಪೂರ್ತಿ ಕಳಚದೆ ಬೇರೆ ದಾರಿ ಇಲ್ಲ. ಲ್ಯಾಕರ್ ಇಲ್ಲದ ಕವರ್ ಮಂಕಾಗುತ್ತದೆ, ನಿಜ. ಒಳನಾಡಿನಲ್ಲಿ ತಿಂಗಳಿಗೊಮ್ಮೆ, ಉಪ್ಪುಗಾಳಿಯ ಕಾರವಾರ, ಉಡುಪಿ, ಮಂಗಳೂರಿನಲ್ಲಿ ವಾರಕ್ಕೊಮ್ಮೆ ಬ್ರಾಸೋದಂಥ ಪಾಲಿಶ್ ಹಾಕಿ ಹತ್ತು ನಿಮಿಷ ಉಜ್ಜಬೇಕು. ಅಷ್ಟು ಪುರಸೊತ್ತಿಲ್ಲದವರು ಕವರಿಗೆ ಬಣ್ಣ ಹೊಡೆಸುವುದು ಲೇಸು.

ನಿಮ್ಮ ಬರಹದ ಜೊತೆ ಪೆಟ್ಟಿಗೆಯಲ್ಲಿ ಕೊಟ್ಟ ‘ಕ್ರೋಮಿನ ತುಕ್ಕಿಗೆ ಟಾಯ್ಲೆಟ್ ಕ್ಲೀನರ್’ ಎಂಬ ಸುಲಭೋಪಾಯದ ಬಗ್ಗೆಯೂ ಹೇಳಬೇಕು. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆ್ಯಸಿಡ್. ಹಳೆಯ ಕ್ರೋಮ್ ಕಳಚಲು ಪ್ಲೇಟಿಂಗಿನವರು ಬಳಸುವುದೂ ಅದನ್ನೇ. ತುಕ್ಕಿನ ಜೊತೆ ಕ್ರೋಮೂ ಹೋಗಿ ಹಳದಿ ನಿಕ್ಕಲ್ ಹೊರಬರುತ್ತದೆ. ಮೇಲುಮೇಲಿನ ತುಕ್ಕಾದರೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ, ನೀರಿನಲ್ಲಿ ಅದ್ದಿ, ಹಗುರಾಗಿ ಉಜ್ಜಿದರೆ ಸಾಕು. ಫಾಯಿಲ್ ಕ್ರೋಮಿಗಿಂತ ಮೆತ್ತಗೆ, ಗೀಚುವುದಿಲ್ಲ. ಆಮೇಲೆ ಮೇಣ. ವಾಟರ್ ಸರ್ವೀಸಿನಲ್ಲಿ ಆ್ಯಸಿಡ್ ವಾಶ್ ಮಾಡುತ್ತೇವೆ ಎಂದರೆ ಬಫ್ ಮಾಡಿದ ಕವರ್ ಇರುವ ಗಾಡಿಯನ್ನು ಅಲ್ಲಿಂದ ಹೊರಡಿಸಿ.

ಕ್ರೋಮ್ ಯಾರಿಂದ ಮಾಡಿಸುತ್ತೀರಿ ಎಂಬುದೂ ಮುಖ್ಯ. ಕ್ರೋಮಿಕ್ ಆ್ಯಸಿಡ್‌ನ ಕ್ರೋಮಿಯಂ ಹೆಕ್ಸಾವೇಲೆಂಟ್ (ಆರು ವೇಲೆನ್ಸಿಯ) ರೂಪದ್ದು, ಕ್ಯಾನ್ಸರ್‌ಕಾರಕ ಎಂದು ಖಚಿತವಾದದ್ದು. ತೊಟ್ಟಿಯಿಂದ ಏಳುವ ಹನಿಮಂಜು ಕೆಲಸಗಾರರ ಮೂಗಿನ ನಡುಗೋಡೆಯನ್ನೇ ತೂತು ಮಾಡುತ್ತದೆ. ತೊಳೆದ ನೀರಿಗೆ ಆ್ಯಸಿಡ್ ಹಾಕಿ ಪಿಎಚ್ 2.5ರ ಹತ್ತಿರ ತಂದು, ಸೋಡಿಯಂ ಮೆಟಾಬೈಸಲ್ಫೈಟ್ ಬೆರೆಸಿದರೆ ಕಿತ್ತಳೆ ಹಳದಿ ನೀರು ಹಸಿರಾಗುತ್ತದೆ, ಎಂದರೆ ಕ್ರೋಮಿಯಂ ಕಡಿಮೆ ವಿಷದ ರೂಪಕ್ಕೆ ತಿರುಗುತ್ತದೆ. ಆಗ ಸುಣ್ಣ ಹಾಕಿ ಕ್ರೋಮಿಯಮ್ಮನ್ನು ಕೆಸರಾಗಿ ತಳಕ್ಕಿಳಿಸಬೇಕು. ಹೊರಬಿಡುವ ನೀರಿನಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಲೀಟರಿಗೆ 0.1 ಮಿಲಿಗ್ರಾಂ ಮೀರುವಂತಿಲ್ಲ. ಪೀಣ್ಯದ ಅಂತರ್ಜಲಕ್ಕೆ ಕ್ರೋಮಿಯಂ ಸೇರಿದ ಸುದ್ದಿ ನಿಮ್ಮ ಓದುಗರಿಗೆ ಹೊಸದಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಪತ್ರ ಇಲ್ಲದೆ ಹಿತ್ತಲಿನ ಶೆಡ್ಡಿನಲ್ಲಿ ಅರ್ಧ ಬೆಲೆಗೆ ಮಾಡಿಕೊಡುವವರ ಅಗ್ಗದ ಗುಟ್ಟು ಬಹಳ ಸಲ ಈ ಸುಣ್ಣ ಮತ್ತು ಮೆಟಾಬೈಸಲ್ಫೈಟಿನ ಖರ್ಚು ಉಳಿಸಿದ್ದರಲ್ಲಿ ಇರುತ್ತದೆ, ಉಳಿದದ್ದು ನಿಕ್ಕಲ್ಲಿನ ನಿಮಿಷಗಳನ್ನು ಕಡಿದದ್ದರಲ್ಲಿ.

ಟಾಯ್ಲೆಟ್ ಕ್ಲೀನರಿನ ಸಲಹೆಗೆ ತಿದ್ದುಪಡಿಯನ್ನು ಅದೇ ಪುಟದಲ್ಲಿ, ಮಳೆಗಾಲ ಶುರುವಾಗುವ ಮುಂಚೆ ಹಾಕಬೇಕೆಂದು ಕೋರಿಕೆ. ತುಕ್ಕಿನ ಚುಕ್ಕೆ ಕಂಡು ಜನ ಬಾಟಲಿಗೆ ಕೈ ಹಾಕುವುದು ಆ ದಿನಗಳಲ್ಲೇ.

ಇಂತಿ,
ಹಳೆಯ ಬೈಕುಗಳ ದುರಸ್ತಿ ಮತ್ತು ಬಫಿಂಗ್ ಕೆಲಸಗಾರರು,
ಮೈಸೂರು